ಕರುಳಿನ ಸೂಕ್ಷ್ಮಜೀವಿಗಳು ಮತ್ತು ಕ್ಯಾನ್ಸರ್ ರೋಗ: ದಂಪತಿಗಳು ಅರಿತಿರಬೇಕಾದ ವಿಷಯ

ನಿಮ್ಮ ಹೊಲದಲ್ಲಿ ಬೆಳೆದು ನಿಂತಿರುವ ತೊಗರಿಯ ಗಿಡವೊಂದನ್ನು ಬೇರುಸಹಿತ ಮೆಲ್ಲಗೆ ಕಿತ್ತು, ಅಂಟಿಕೊಂಡ ಕರಿಮಣ್ಣನ್ನು ನೀರಿನಲ್ಲಿ ತೊಳೆದು ನೋಡಿರಿ. ಬೇರಿನ ಮೈಮೇಲೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಅವು ರೋಗದ ಗಂಟುಗಳಲ್ಲ. ಆ ಗಂಟುಗಳೊಳಗೆ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ವಾಸವಾಗಿದ್ದು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಆಹಾರವಾಗಿ ಒದಗಿಸುತ್ತವೆ. ಬಿತ್ತನೆಗೆ ಮುನ್ನ ಬೀಜಕ್ಕೆ ರೈಜೋಬಿಯಂ ಪುಡಿಯನ್ನು ಹಚ್ಚಬೇಕೆಂದು ಕೃಷಿ ಇಲಾಖೆಯವರು ಹೇಳುವುದು ಈ ಕಾರಣದಿಂದಲೇ. ಔರಾದ, ಭಾಲ್ಕಿ ಕಡೆಯ ರೈತರಿಗೆ ಇದು ಹೊಸ ಮಾತೇನಲ್ಲ.

ಇನ್ನು ಕೊಟ್ಟಿಗೆಗೆ ಬನ್ನಿ. ನಿಮ್ಮ ದೇವಣಿ ಹಸುವು ಒಣಗಿದ ಜೋಳದ ಕಣಿಕೆಯನ್ನು ತಿಂದು ಹಾಲು ಕೊಡುತ್ತದೆ. ಆದರೆ ಕಣಿಕೆಯನ್ನು ಅರಗಿಸುವ ಶಕ್ತಿ ಹಸುವಿಗೆ ತಾನಾಗಿ ಇಲ್ಲ. ಅದರ ಮೊದಲ ಹೊಟ್ಟೆಯಲ್ಲಿರುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಕಣಿಕೆಯನ್ನು ಕೊಳೆಯಿಸಿ ಹಸುವಿಗೆ ದಕ್ಕುವ ಆಹಾರವನ್ನಾಗಿ ಮಾರ್ಪಡಿಸುತ್ತವೆ. ಯಾರೋ ಹೇಳಿದರೆಂದು ಬಲವಾದ ಔಷಧವನ್ನು ಹಸುವಿನ ಬಾಯಿಗೆ ಹಾಕಿದಾಗ ಅದು ಮೆಲುಕು ಹಾಕುವುದನ್ನೇ ನಿಲ್ಲಿಸುವುದುಂಟು. ಒಳಗಿನ ಆಳುಗಳು ಸತ್ತಿರುತ್ತವೆ.

ಮನುಷ್ಯನ ಹೊಟ್ಟೆಯೂ ಇದಕ್ಕೆ ಹೊರತಲ್ಲ. ನಮ್ಮ ಶರೀರದಲ್ಲಿ, ಅದರಲ್ಲಿಯೂ ದೊಡ್ಡ ಕರುಳಿನಲ್ಲಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಎಲ್ಲವನ್ನೂ ಕೂಡಿಸಿ ತೂಗಿದರೆ ಸುಮಾರು 200 ಗ್ರಾಂ ಆದೀತು. ಈ ಕಿರುಜೀವಿಗಳಿಗೂ ಕ್ಯಾನ್ಸರ್ ಎಂಬ ಭಯಂಕರ ವ್ಯಾಧಿಗೂ, ಆ ವ್ಯಾಧಿಯ ಚಿಕಿತ್ಸೆಗೂ ಇರುವ ಸಂಬಂಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಪತಿಪತ್ನಿಯರಿಬ್ಬರೂ ಕೂಡಿ ಓದಬೇಕೆಂದು ಕೋರುತ್ತೇವೆ. ಏಕೆಂದರೆ ಮುಂದೆ ಹೇಳಲಿರುವ ಹಲವು ವಿಷಯಗಳು ಒಬ್ಬರು ಮತ್ತೊಬ್ಬರಿಗೆ ಹೇಳದೆ ಮುಚ್ಚಿಡುವಂಥವು.

ತಾಯಿಯಿಂದ ಬರುವ ಬಳುವಳಿ

ಗರ್ಭದಿಂದ ಹೊರಬರುವಾಗಲೂ, ತಾಯಿಯ ಮಡಿಲಲ್ಲಿ ಮಲಗಿ ಹಾಲು ಕುಡಿಯುವಾಗಲೂ ಶಿಶುವು ತಾಯಿಯಿಂದ ಸೂಕ್ಷ್ಮಜೀವಿಗಳನ್ನು ಪಡೆಯುತ್ತದೆ. ತಾಯಿಯ ಹಾಲಿನಲ್ಲಿ ಶಿಶುವಿಗೆ ಅರಗದ ಒಂದು ಬಗೆಯ ಸಕ್ಕರೆಯಿದೆ. ಶಿಶುವಿಗೇ ಅರಗದಿದ್ದರೆ ಅದೇಕೆ ಹಾಲಿನಲ್ಲಿರಬೇಕು? ಅದು ಶಿಶುವಿನ ಕರುಳಿನಲ್ಲಿ ನೆಲೆಸಿದ ಒಳ್ಳೆಯ ಬ್ಯಾಕ್ಟೀರಿಯಾಗಳ ಪಾಲು. ಹೀಗೆ ತಾಯಿಯು ಮಗುವನ್ನೂ, ಮಗುವಿನೊಳಗಿನ ಆಳುಗಳನ್ನೂ ಏಕಕಾಲಕ್ಕೆ ಪೋಷಿಸುತ್ತಾಳೆ. ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು ಕೊಡಿಸಬೇಕೆಂದೂ, ಆರು ತಿಂಗಳವರೆಗೆ ಬೇರೇನನ್ನೂ ಕೊಡಬಾರದೆಂದೂ ಆರೋಗ್ಯ ಕಾರ್ಯಕರ್ತೆಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಬೆಳೆದ ಮೇಲೆ ಈ ಜೀವಿಗಳಿಗೆ ಬೇಕಾದ ಆಹಾರವೆಂದರೆ ನಾರು. ಜೋಳ, ಸಜ್ಜೆ, ಬೇಳೆಕಾಳು, ಸೊಪ್ಪು, ತರಕಾರಿಗಳಲ್ಲಿರುವ ನಾರಿನ ಬಹುಭಾಗವು ನಮಗೆ ಅರಗದೆ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ಉಂಟುಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಶಕ್ತಿಗಾಗಿ ಬಹುಮಟ್ಟಿಗೆ ಈ ಬ್ಯುಟಿರೇಟನ್ನೇ ಅವಲಂಬಿಸಿವೆ. ಅದು ಉರಿಯೂತವನ್ನು ತಗ್ಗಿಸುತ್ತದೆ. ಕರುಳಿನ ಗೋಡೆಯನ್ನು ಗಟ್ಟಿಯಾಗಿಡುತ್ತದೆ. ನಾರು ಸಾಕಷ್ಟಿರುವ ಆಹಾರವನ್ನು ಉಣ್ಣುವ ಜನರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆಯೆಂದು ಅನೇಕ ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ.

ಎಳ್ಳಮಾವಾಸ್ಯೆಯ ದಿನ ನೀವು ಹೊಲಕ್ಕೆ ಒಯ್ಯುವ ಬುತ್ತಿಯನ್ನು ನೆನೆಯಿರಿ. ಹಸಿಕಾಳು, ಸೊಪ್ಪು, ಹತ್ತಾರು ಬಗೆಯ ತರಕಾರಿಗಳನ್ನು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಇದಕ್ಕಿಂತ ಉತ್ತಮವಾದ ಊಟವನ್ನು ಯಾವ ದೊಡ್ಡ ವೈದ್ಯನೂ ಕರುಳಿಗಾಗಿ ಬರೆದುಕೊಡಲಾರನು. ವರ್ಷಕ್ಕೊಮ್ಮೆ ಭಜ್ಜಿಯನ್ನುಂಡು ಉಳಿದ ದಿನಗಳಲ್ಲಿ ಮೈದಾಹಿಟ್ಟಿನ ಬಿಸ್ಕತ್ತು, ಪೊಟ್ಟಣದ ಕುರುಕುಲು ತಿಂಡಿ, ಬಿಳಿಯ ಅನ್ನ ಇಷ್ಟರಲ್ಲಿಯೇ ಕಳೆಯುವ ಮನೆಗಳು ಈಗ ಹಳ್ಳಿಗಳಲ್ಲಿಯೂ ಹೆಚ್ಚುತ್ತಿರುವುದು ವಿಷಾದದ ಸಂಗತಿ.

ಆಹಾರದ ಬದಲಾವಣೆ ಎಷ್ಟು ಬೇಗ ಕರುಳನ್ನು ಮುಟ್ಟುತ್ತದೆಂಬುದನ್ನು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗವು ತೋರಿಸಿತು. ದಕ್ಷಿಣ ಆಫ್ರಿಕದ ಹಳ್ಳಿಗರು 20 ಮಂದಿ, ಅಮೆರಿಕದಲ್ಲಿ ನೆಲೆಸಿರುವ ಆಫ್ರಿಕ ಮೂಲದವರು 20 ಮಂದಿ, ಎರಡು ವಾರಗಳ ಕಾಲ ತಮ್ಮ ಊಟವನ್ನು ಅದಲುಬದಲು ಮಾಡಿಕೊಂಡರು. ಹಳ್ಳಿಗರಿಗೆ ಕೊಬ್ಬು ಹೆಚ್ಚಿದ, ನಾರು ಕಡಿಮೆಯಾದ ಅಮೆರಿಕದ ಊಟ. ಅಮೆರಿಕದವರಿಗೆ ಮೆಕ್ಕೆಜೋಳ, ಕಾಳುಗಳಿಂದ ಕೂಡಿದ ಹಳ್ಳಿಯ ಊಟ. ಕೇವಲ ಎರಡು ವಾರಗಳಲ್ಲಿ ಹಳ್ಳಿಯ ಊಟ ಉಂಡವರ ಕರುಳಿನಲ್ಲಿ ಬ್ಯುಟಿರೇಟ್ ಹೆಚ್ಚಿ, ಉರಿಯೂತದ ಗುರುತುಗಳು ಇಳಿದಿದ್ದವು. ಅಮೆರಿಕದ ಊಟ ಉಂಡ ಹಳ್ಳಿಗರಲ್ಲಿ ಇದಕ್ಕೆ ತದ್ವಿರುದ್ಧವಾಗಿತ್ತು.

ಜಠರದಲ್ಲಿ ಅಡಗಿರುವ ಒಂದು ಕೇಡಿಗ ಜೀವಿ

ಹೊಲದಲ್ಲಿ ಬೆಳೆಯ ಜೊತೆಗೆ ಕಳೆಯೂ ಇರುವಂತೆ, ಹೊಟ್ಟೆಯಲ್ಲಿ ಕೇಡು ಮಾಡುವ ಜೀವಿಗಳೂ ಇವೆ. ಇವುಗಳಲ್ಲಿ ಮುಖ್ಯವಾದದ್ದು ಹೆಲಿಕೋಬ್ಯಾಕ್ಟರ್ ಪೈಲೋರಿ. ಜಠರದ ಹುಳಿರಸದಲ್ಲಿ ಯಾವ ಜೀವಿಯೂ ಬದುಕಲಾರದೆಂದು ವೈದ್ಯರು ಬಹುಕಾಲ ನಂಬಿದ್ದರು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರಿಬ್ಬರು ಹುಣ್ಣಿರುವ ಜಠರಗಳಲ್ಲಿ ಸುರುಳಿಯಾಕಾರದ ಈ ಜೀವಿಯನ್ನು ಕಂಡರು. ಪ್ರಯೋಗಶಾಲೆಯಲ್ಲಿ ಅದನ್ನು ಬೆಳೆಸಲು ಎಷ್ಟು ಯತ್ನಿಸಿದರೂ ಬೆಳೆಯಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ಹೊರತೆಗೆಯಲು ಮರೆತದ್ದರಿಂದ ಕೆಲವು ದಿನ ಹೆಚ್ಚು ಉಳಿದವು, ಜೀವಿಗಳು ಬೆಳೆದಿದ್ದವು! ಆದರೂ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ತಾವೇ ಆ ಜೀವಿಗಳಿದ್ದ ದ್ರಾವಣವನ್ನು ಕುಡಿದರು. ಕೆಲವೇ ದಿನಗಳಲ್ಲಿ ವಾಂತಿಯಾಗಿ, ಜಠರವು ಉರಿಯೂತಕ್ಕೆ ಒಳಗಾಯಿತು. ಈ ಸಾಹಸದ ವಿಚಾರವನ್ನು ಅವರು ಪತ್ನಿಗೆ ಮೊದಲೇ ತಿಳಿಸಿರಲಿಲ್ಲ; ತಿಳಿಸಿದ್ದರೆ ಒಪ್ಪುತ್ತಿರಲಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಈ ಒಂದು ವಿಷಯದಲ್ಲಿ ಅವರನ್ನು ಅನುಸರಿಸಬೇಡಿ. ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಜೀವಿಯು ಜಠರದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲಿಯೇ ಸಾರಿತ್ತು.

ಇದನ್ನು ಓದಿ ಗಾಬರಿಯಾಗಬೇಡಿ. ನಮ್ಮ ದೇಶದಲ್ಲಿ ವಯಸ್ಕರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ಜಠರದಲ್ಲಿ ಈ ಜೀವಿಯಿದೆ. ಅವರಲ್ಲಿ ಕ್ಯಾನ್ಸರ್ ಆಗುವವರು ತೀರ ಕೆಲವರು. ಇದು ಹೆಚ್ಚಾಗಿ ಬಾಲ್ಯದಲ್ಲಿ ಮನೆಯೊಳಗೇ ಒಬ್ಬರಿಂದ ಒಬ್ಬರಿಗೆ ಬರುತ್ತದೆ. ತಾಯಿ ಅಥವಾ ಅಜ್ಜಿ ತಾನು ಅಗಿದ ತುತ್ತನ್ನು ಮಗುವಿನ ಬಾಯಿಗೆ ಇಡುವ ರೂಢಿಯನ್ನು ಬಿಡಬೇಕು. ಪ್ರೀತಿಗೆ ಬೇರೆ ದಾರಿಗಳಿವೆ. ಶೌಚದ ನಂತರ ಮತ್ತು ಅಡಿಗೆಗೆ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ಶೌಚಾಲಯವನ್ನು ಕಟ್ಟಿಸಿ ಅದನ್ನು ಬಳಸುವುದು, ಕುಡಿಯುವ ನೀರನ್ನು ಕುದಿಸುವುದು ಇವು ಈ ಜೀವಿಗೂ ತಡೆ, ವಾಂತಿಭೇದಿಗೂ ತಡೆ.

ಹೊಟ್ಟೆಯುರಿ ಬಂದಾಗಲೆಲ್ಲ ಸೋಡಾ ಕುಡಿದು, ಅಂಗಡಿಯಿಂದ ಗ್ಯಾಸಿನ ಗುಳಿಗೆ ತಂದು ನುಂಗಿ ವರ್ಷಗಟ್ಟಲೆ ಕಾಲ ತಳ್ಳುವವರಿದ್ದಾರೆ. ಹೊಟ್ಟೆಯುರಿಯ ಜೊತೆಗೆ ತೂಕ ಇಳಿಯುವುದು, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ನುಂಗಲು ಕಷ್ಟವಾಗುವುದು, ಮಲವು ಡಾಂಬರಿನಂತೆ ಕಪ್ಪಾಗುವುದು, ರಕ್ತವಾಂತಿ — ಇವುಗಳಲ್ಲಿ ಒಂದಾದರೂ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಉಸಿರು ಅಥವಾ ಮಲದ ಪರೀಕ್ಷೆಯಿಂದ, ಇಲ್ಲವೆ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಿಂದ ಈ ಜೀವಿಯನ್ನು ಪತ್ತೆಹಚ್ಚಬಹುದು. ಹುಳಿ ತಗ್ಗಿಸುವ ಔಷಧದೊಡನೆ ಎರಡು ಅಥವಾ ಹೆಚ್ಚು ಆ್ಯಂಟಿಬಯಾಟಿಕ್‌ಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ನಾಲ್ಕನೆಯ ದಿನ ಉರಿ ಕಡಿಮೆಯಾಯಿತೆಂದು ಬಿಟ್ಟರೆ ಜೀವಿಗಳು ಸಾಯುವುದಿಲ್ಲ, ಔಷಧಕ್ಕೆ ಬಗ್ಗದಂತೆ ಪಳಗುತ್ತವೆ.

ಹೇಳಲು ನಾಚುವ ರೋಗ

ದೊಡ್ಡ ಕರುಳಿನ ಕ್ಯಾನ್ಸರ್ ಗಂಟುಗಳಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಜೀವಿಯು ಅಧಿಕವಾಗಿರುವುದನ್ನು 2011–12ರಲ್ಲಿ ಸಂಶೋಧಕರು ಕಂಡುಕೊಂಡರು. ಇದರ ಸಹಜ ವಾಸಸ್ಥಾನ ಬಾಯಿ. ವಸಡಿನ ರೋಗವಿರುವವರಲ್ಲಿ ಇದು ಹೇರಳವಾಗಿರುತ್ತದೆ. ಇದೇ ಕ್ಯಾನ್ಸರನ್ನು ಹುಟ್ಟಿಸುತ್ತದೆಯೋ ಅಥವಾ ಹುಟ್ಟಿದ ಗಂಟಿನಲ್ಲಿ ಬಂದು ನೆಲೆಸಿ ಅದರ ಬೆಳವಣಿಗೆಗೆ ನೆರವಾಗುತ್ತದೆಯೋ ಎಂಬುದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ತಂಬಾಕು, ಗುಟ್ಕಾಗಳನ್ನು ಬಿಟ್ಟು ಹಲ್ಲುಜ್ಜುವುದಕ್ಕೆ ಅದು ಇತ್ಯರ್ಥವಾಗುವವರೆಗೆ ಕಾಯಬೇಕಾಗಿಲ್ಲ.

ನಿಜವಾದ ಅಪಾಯ ಬೇರೆಡೆ ಇದೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ನಿಶ್ಚಯಿಸಿ, ಸಂತೆಯ ಔಷಧಕ್ಕೆ ಮೊರೆಹೋಗುವವರು ಬಹಳ. ಹೆಂಗಸರಂತೂ ಗಂಡನಿಗೂ ಹೇಳುವುದಿಲ್ಲ. ಗಂಡಸರು ಹೇಳುತ್ತಾರೆ, ಆದರೆ ಸುಗ್ಗಿ ಮುಗಿಯಲಿ ಎನ್ನುತ್ತಾರೆ. ಮಲದಲ್ಲಿ ರಕ್ತ, ಮೂರು ವಾರಗಳಿಗೂ ಮೀರಿ ಮಲಬದ್ಧತೆ ಅಥವಾ ಭೇದಿ, ಕಾರಣವಿಲ್ಲದ ನಿಶ್ಶಕ್ತಿ ಮತ್ತು ರಕ್ತಹೀನತೆ ಇದ್ದರೆ ಪರೀಕ್ಷೆ ಮಾಡಿಸಲೇಬೇಕು. ಬಹುತೇಕರಿಗೆ ಅದು ಮೂಲವ್ಯಾಧಿಯೇ ಆಗಿರುತ್ತದೆ. ಹಾಗಲ್ಲದಿದ್ದವರಿಗೆ, ಕರುಳಿನ ಗೋಡೆಯನ್ನು ದಾಟುವ ಮೊದಲೇ ಗಂಟು ಸಿಕ್ಕಿದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಭರವಸೆ ಬಹಳ ಹೆಚ್ಚು. ಈ ಮಾತನ್ನು ಪತ್ನಿಯು ಪತಿಗೂ ಪತಿಯು ಪತ್ನಿಗೂ ಸಂಕೋಚವಿಲ್ಲದೆ ಹೇಳಿಕೊಳ್ಳುವಂತಾದರೆ ಅರ್ಧ ಕೆಲಸ ಆದಂತೆಯೇ ಸರಿ.

ಚಿಕಿತ್ಸೆಯ ಕಾಲದಲ್ಲಿ ಕರುಳಿನ ಪಾತ್ರ

ಕ್ಯಾನ್ಸರಿಗೆ ಕೊಡುವ ಔಷಧವು ರೋಗಿಯ ಶರೀರದಲ್ಲಿ ಮಾತ್ರವಲ್ಲ, ಅವನ ಕರುಳಿನ ಸೂಕ್ಷ್ಮಜೀವಿಗಳ ನಡುವೆಯೂ ಹಾದುಹೋಗುತ್ತದೆ. ಇರಿನೊಟೆಕಾನ್ ಎಂಬ ಔಷಧವನ್ನು ನೋಡಿ. ಯಕೃತ್ತು ಅದರ ವಿಷವನ್ನು ತಟಸ್ಥಗೊಳಿಸಿ ಕರುಳಿಗೆ ಕಳುಹಿಸುತ್ತದೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಪುನಃ ವಿಷವಾಗಿ ಮಾರ್ಪಡಿಸುತ್ತವೆ. ರೋಗಿಗೆ ತೀವ್ರ ಭೇದಿಯಾಗುವುದು ಇದರಿಂದ.

ಇದಕ್ಕಿಂತ ಘೋರವಾದದ್ದು ಜಪಾನಿನಲ್ಲಿ 1993ರಲ್ಲಿ ನಡೆಯಿತು. ಕ್ಯಾನ್ಸರಿಗಾಗಿ ಫ್ಲೂರೊಯುರಾಸಿಲ್ ಜಾತಿಯ ಔಷಧವನ್ನು ಸೇವಿಸುತ್ತಿದ್ದ ಕೆಲವರಿಗೆ ಸರ್ಪಸುತ್ತು ಎದ್ದಿತು. ಅದಕ್ಕೆ ಸೊರಿವುಡಿನ್ ಎಂಬ ಹೊಸ ಔಷಧವನ್ನು ಕೊಡಲಾಯಿತು. ಕರುಳಿನ ಬ್ಯಾಕ್ಟೀರಿಯಾಗಳು ಆ ಹೊಸ ಔಷಧವನ್ನು ಮತ್ತೊಂದು ಪದಾರ್ಥವಾಗಿ ಬದಲಿಸಿದವು. ಆ ಪದಾರ್ಥವು ಕ್ಯಾನ್ಸರ್ ಔಷಧವನ್ನು ಶರೀರವು ಕರಗಿಸುವ ದಾರಿಯನ್ನೇ ಕಟ್ಟಿಹಾಕಿತು. ಕ್ಯಾನ್ಸರ್ ಔಷಧವು ರಕ್ತದಲ್ಲಿ ಮಿತಿಮೀರಿ ಶೇಖರವಾಗಿ ಕನಿಷ್ಠ 15 ಮಂದಿ ಮರಣ ಹೊಂದಿದರು. ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಬೇರೆ ಯಾವ ಔಷಧವನ್ನು ತೆಗೆದುಕೊಳ್ಳುವ ಮೊದಲೂ, ಅದು ಗುಳಿಗೆಯಾಗಲಿ, ನಾಟಿ ಔಷಧವಾಗಲಿ, ಜುಲಾಬಾಗಲಿ, ತಮ್ಮ ಕ್ಯಾನ್ಸರ್ ವೈದ್ಯರಿಗೆ ತಿಳಿಸಬೇಕು. ಕೆಟ್ಟ ಜೀವಿಗಳನ್ನು ಹೊರಹಾಕಿಸುತ್ತೇವೆಂದು ಹೊಟ್ಟೆ ತೊಳೆಸುವವರ ಮಾತಿಗೆ ಮರುಳಾಗಬಾರದು. ಒಳ್ಳೆಯವೂ ಅದರೊಡನೆ ಹೋಗುತ್ತವೆ, ಮೊದಲೇ ಬಳಲಿದ ರೋಗಿಯು ನೀರನ್ನು ಕಳೆದುಕೊಂಡು ಕುಸಿಯುತ್ತಾನೆ.

ಇತ್ತೀಚಿನ ವರ್ಷಗಳಲ್ಲಿ ಶರೀರದ ರೋಗನಿರೋಧಕ ಶಕ್ತಿಯನ್ನೇ ಎಚ್ಚರಿಸಿ ಕ್ಯಾನ್ಸರಿನ ಮೇಲೆ ಬಿಡುವ ಇಮ್ಯುನೊಥೆರಪಿ ಎಂಬ ಚಿಕಿತ್ಸೆ ಬಂದಿದೆ. ಒಂದೇ ಔಷಧ, ಒಂದೇ ರೋಗ. ಆದರೂ ಕೆಲವರಿಗೆ ಫಲಿಸುತ್ತದೆ, ಕೆಲವರಿಗಿಲ್ಲ. ಫಲಿಸಿದವರ ಮತ್ತು ಫಲಿಸದವರ ಕರುಳಿನ ಜೀವಿಗಳಲ್ಲಿ ವ್ಯತ್ಯಾಸವಿದೆಯೆಂದು 2018ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಚಿಕಿತ್ಸೆಯ ಆಸುಪಾಸಿನಲ್ಲಿ ಆ್ಯಂಟಿಬಯಾಟಿಕ್ ಸೇವಿಸಿದ್ದವರಲ್ಲಿ ಫಲ ಕಡಿಮೆ ಕಂಡುಬಂದಿತು. 2021ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಚರ್ಮದ ಒಂದು ಬಗೆಯ ಕ್ಯಾನ್ಸರಿನಲ್ಲಿ ಔಷಧ ಫಲಿಸಿದವರ ಮಲವನ್ನು ಶುದ್ಧಿಯ ಕಟ್ಟುನಿಟ್ಟಿನ ಪರೀಕ್ಷೆಗಳ ನಂತರ ಫಲಿಸದವರ ಕರುಳಿಗೆ ಸೇರಿಸಿ, ಅದೇ ಔಷಧವನ್ನು ಮತ್ತೆ ಕೊಟ್ಟರು. ಇಸ್ರೇಲಿನಲ್ಲಿ 10 ಮಂದಿಯ ಪೈಕಿ ಮೂವರಿಗೂ, ಅಮೆರಿಕದಲ್ಲಿ 15 ಮಂದಿಯ ಪೈಕಿ ಆರು ಮಂದಿಗೂ ಪ್ರಯೋಜನವಾಯಿತು. ಅಸಹ್ಯವೆನಿಸಬಹುದು, ಆದರೆ ಹೊಲಕ್ಕೆ ಸಗಣಿ ಗೊಬ್ಬರ ಹಾಕುವ ನಮಗೆ ಈ ತರ್ಕವು ತಿಳಿಯದ್ದೇನಲ್ಲ. ಇದು ಇನ್ನೂ ಪ್ರಯೋಗದ ಹಂತದಲ್ಲಿದೆ; ಮನೆಯಲ್ಲಿ ಮಾಡತಕ್ಕ ಕ್ರಿಯೆಯಲ್ಲ.

ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನವು ಗೃಹಿಣಿಯರಿಗೆ ಹೆಚ್ಚು ಉಪಯುಕ್ತ. ಇದೇ ಚಿಕಿತ್ಸೆಯನ್ನು ಪಡೆಯುತ್ತಿದ್ದವರಲ್ಲಿ ದಿನಕ್ಕೆ 20 ಗ್ರಾಂ ಅಥವಾ ಅದಕ್ಕೂ ಹೆಚ್ಚು ನಾರನ್ನು ಊಟದಲ್ಲಿ ಸೇವಿಸುತ್ತಿದ್ದವರು ಉಳಿದವರಿಗಿಂತ ದೀರ್ಘಕಾಲ ರೋಗ ಉಲ್ಬಣಿಸದೆ ಇದ್ದರು. ಅಂಗಡಿಯಿಂದ ಪ್ರೋಬಯಾಟಿಕ್ ಗುಳಿಗೆಗಳನ್ನು ಕೊಂಡು ನುಂಗಿದವರಿಗೆ ಅಂಥ ಲಾಭ ಕಾಣಲಿಲ್ಲ. ಇಲಿಗಳ ಮೇಲಿನ ಪ್ರಯೋಗದಲ್ಲಿ ಅವುಗಳಿಂದ ಹಾನಿಯೇ ಕಂಡಿತು. ದುಬಾರಿ ಡಬ್ಬಿಗಳನ್ನು ಕೊಳ್ಳಲು ಎಮ್ಮೆ ಮಾರಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಬಹು ಎಚ್ಚರಿಕೆಯಿಂದ ಓದಿರಿ. ಆ್ಯಂಟಿಬಯಾಟಿಕ್ ಕರುಳಿನ ಒಳ್ಳೆಯ ಜೀವಿಗಳನ್ನು ಕೊಲ್ಲುತ್ತದೆಂದು ಮೇಲೆ ಹೇಳಿದೆವು. ನೆಗಡಿ ಬಂದಾಗ ಔಷಧದಂಗಡಿಯಿಂದ ಎರಡು ಗುಳಿಗೆ ಬಿಡಿಯಾಗಿ ತಂದು ನುಂಗುವ ಚಟವನ್ನು ಬಿಡಿಸುವುದಕ್ಕಾಗಿ ಆ ಮಾತು. ಕ್ಯಾನ್ಸರ್ ಔಷಧ ಪಡೆಯುತ್ತಿರುವ ರೋಗಿಗೆ ಜ್ವರ ಬಂದರೆ ಮಾತು ಬೇರೆ. ಆ ಔಷಧವು ರಕ್ತದ ಬಿಳಿಯ ಕಣಗಳನ್ನು ತಗ್ಗಿಸಿರುತ್ತದೆ; ಅಂಥ ಸಮಯದಲ್ಲಿ ಅವನ ಕರುಳಿನ ಜೀವಿಗಳೇ ಗೋಡೆ ದಾಟಿ ರಕ್ತಕ್ಕೆ ನುಗ್ಗಬಲ್ಲವು. ಜ್ವರವು 100.4 ಡಿಗ್ರಿ ಮುಟ್ಟಿದರೆ ರಾತ್ರಿಯೆನ್ನದೆ, ಮಳೆಯೆನ್ನದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಿರಿ. ಅಲ್ಲಿ ವೈದ್ಯರು ಕೂಡಲೇ ಕೊಡುವ ಆ್ಯಂಟಿಬಯಾಟಿಕ್ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ. ಅದನ್ನು ಬೇಡವೆನ್ನಬಾರದು. ಬೆಳಿಗ್ಗೆ ನೋಡೋಣವೆಂದು ಕಾದದ್ದರಿಂದ, ಕ್ಯಾನ್ಸರನ್ನು ಗೆಲ್ಲುತ್ತಿದ್ದ ರೋಗಿಗಳೂ ಸೋಂಕಿಗೆ ಬಲಿಯಾಗುವುದುಂಟು.

ರೋಗಿಯ ಅಡಿಗೆ

ಬಿಳಿಯ ಕಣಗಳು ಇಳಿದಿರುವ ದಿನಗಳಲ್ಲಿ ಎಲ್ಲವನ್ನೂ ಚೆನ್ನಾಗಿ ಬೇಯಿಸಿ, ಬಿಸಿಯಿರುವಾಗಲೇ ಬಡಿಸಬೇಕು. ಹಸಿ ಸೊಪ್ಪು, ಹಸಿ ಉಳ್ಳಾಗಡ್ಡಿ, ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಕಾಯಿಸದ ಹಾಲು, ನಿನ್ನೆಯ ಪಲ್ಯ ಬೇಡ. ಮೊಸರು, ಅಂಬಲಿಗಳನ್ನು ಆ ದಿನಗಳಲ್ಲಿ ಕೊಡಬಹುದೇ ಎಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಭೇದಿಯಾಗುತ್ತಿದ್ದರೆ ಅಥವಾ ಕರುಳಿನ ಶಸ್ತ್ರಚಿಕಿತ್ಸೆ ಆಗಿದ್ದರೆ ನಾರನ್ನು ಕೆಲಕಾಲ ತಗ್ಗಿಸಬೇಕಾಗುತ್ತದೆ. ಮೆತ್ತನೆಯ ಅನ್ನ, ತೊಗರಿಬೇಳೆಯ ಕಟ್ಟು, ಓಆರ್‌ಎಸ್ ನೀರು ಕೊಡಿ. ಚೇತರಿಸಿಕೊಂಡ ಬಳಿಕ ರೊಟ್ಟಿ, ಕಾಳು, ಪುಂಡಿಪಲ್ಯಗಳಿಗೆ ನಿಧಾನವಾಗಿ ಮರಳಬಹುದು. ಪತ್ನಿಯು ರೋಗಿಯಾಗಿದ್ದಾಗ ಈ ಅಡಿಗೆಯನ್ನು ಮಾಡುವವರು ಯಾರು? ಬಹಳ ಮನೆಗಳಲ್ಲಿ ಔಷಧ ಹಿಡಿಸಿಕೊಂಡು ಬಂದ ಹೆಂಗಸೇ ಸಂಜೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಾಳೆ. ಗಂಡಸರು ರೊಟ್ಟಿ ಬಡಿಯಲು ಕಲಿಯಲಾರದಷ್ಟು ಕಠಿಣ ವಿದ್ಯೆಯೇನೂ ಅದಲ್ಲ.

ಎಲ್ಲಿಗೆ ಹೋಗಬೇಕು

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಥವಾ ಔರಾದ, ಭಾಲ್ಕಿಗಳಲ್ಲಿರುವ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. 30 ವರ್ಷ ದಾಟಿದವರಿಗೆ ಬಾಯಿಯ, ಹೆಂಗಸರಿಗೆ ಸ್ತನದ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಸರ್ಕಾರದ ಕಾರ್ಯಕ್ರಮದಲ್ಲಿ ಸೇರಿದೆ. ಹೋದ ದಿನವೇ ಇಬ್ಬರೂ ಕೇಳಿ ಮಾಡಿಸಿಕೊಳ್ಳಿರಿ. ಅಲ್ಲಿಂದ ಬೀದರ ನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜನರು ಬ್ರಿಮ್ಸ್ ಎಂದು ಕರೆಯುವ ಆಸ್ಪತ್ರೆಗೆ ಕಳುಹಿಸಿಕೊಡುತ್ತಾರೆ. ಕ್ಯಾನ್ಸರಿನ ಚಿಕಿತ್ಸೆಗೆ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿದೆ. ಅದರ ಶಾಖೆಯು ಕಲಬುರಗಿಯಲ್ಲಿಯೇ ಇದೆ. 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ತೆರೆದ ಮೇಲೆ ಅಲ್ಲಿಗೆ ಹೋಗಿಬರುವುದು ಸುಲಭವಾಗಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಆಧಾರ್ ಮತ್ತು ಪಡಿತರ ಚೀಟಿಗಳ ಜೊತೆಗೆ, ಕಳೆದ ಮೂರು ತಿಂಗಳಲ್ಲಿ ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳನ್ನೂ ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಗುಳಿಗೆಯ ಹೆಸರು ನೆನಪಿಲ್ಲದಿದ್ದರೂ ಖಾಲಿ ಪಟ್ಟಿಯನ್ನು ನೋಡಿ ವೈದ್ಯರು ತಿಳಿದುಕೊಳ್ಳುತ್ತಾರೆ.